ಮ್ಯಾಂಡೊಲಿನ್ ಪಿಕ್ ಗಾರ್ಡ್: ಇರಲಾ, ತೆಗೆಯಲಾ, ಹೊಸದು ಮಾಡಿಸಲಾ?

ನಾನು ದಾವಣಗೆರೆಯವನು. ಮೊದಲು ಆರ್ಕೆಸ್ಟ್ರಾಗಳಲ್ಲಿ ಮ್ಯಾಂಡೊಲಿನ್ ನುಡಿಸುತ್ತಿದ್ದೆ, ಈಗ ಮನೆಯಲ್ಲಿ ನುಡಿಸುತ್ತೇನೆ. ನುಡಿಸಿದ್ದಕ್ಕಿಂತ ಬಿಚ್ಚಿ ಜೋಡಿಸಿದ್ದೇ ಜಾಸ್ತಿ ಅಂತ ಮನೆಯವರ ದೂರು. ಅದು ಸುಳ್ಳೇನಲ್ಲ. ಹಾಗಾಗಿ ಇಲ್ಲಿಯವರು, ಚಿತ್ರದುರ್ಗದವರು, ಹರಿಹರದವರು ಮ್ಯಾಂಡೊಲಿನ್‌ಗೆ ಏನಾದರೂ ಆದರೆ ನನ್ನನ್ನು ಕೇಳುತ್ತಾರೆ. ಕೆಲವರು ಫೋನ್ ಮಾಡುತ್ತಾರೆ, ಕೆಲವರು ವಾಟ್ಸಾಪ್‌ನಲ್ಲಿ ಫೋಟೊ ಕಳಿಸುತ್ತಾರೆ, ಇನ್ನು ಕೆಲವರು ಕೇಸ್ ಹಿಡಿದುಕೊಂಡು ನೇರ ಮನೆಗೇ ಬರುತ್ತಾರೆ. ಪಿಕ್ ಅಂದರೆ ತಂತಿ ಮೀಟುವ ಪುಟ್ಟ ಬಿಲ್ಲೆ, ಪಿಕ್ ಗಾರ್ಡ್ ಅಂದರೆ ತಂತಿಗಳ ಪಕ್ಕ ಮೇಲ್ಹಲಗೆಯ ಮೇಲಿರುವ ತೆಳು ತಟ್ಟೆ. ಅದರ ಬಗ್ಗೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅವರು ಕೇಳಿದ ಮಾತಲ್ಲೇ ಇಲ್ಲಿ ಬರೆದಿದ್ದೇನೆ.

ಶುರುವಿನ ಪ್ರಶ್ನೆಗಳು

ಸಾರ್, ಈ ಪ್ಲಾಸ್ಟಿಕ್ ತುಂಡು ಯಾಕಿರೋದು? ಸುಮ್ನೆ ಶೋಗಾ?

ಶೋಗೂ ಹೌದು. ಆದರೆ ಎರಡು ಕೆಲಸ ಇದೆ. ಒಂದು, ಪಿಕ್‌ನ ತುದಿ ಮೇಲ್ಹಲಗೆಗೆ ಗೀರದ ಹಾಗೆ ತಡೆಯೋದು. ಎರಡನೆಯದು ಬಹಳ ಜನಕ್ಕೆ ಗೊತ್ತಿಲ್ಲ: ಬೆರಳು ಊರೋದಕ್ಕೆ ಜಾಗ ಕೊಡೋದು. ಅಮೆರಿಕದ ಗಿಬ್ಸನ್ ಕಂಪನಿ ಮೇಲ್ಹಲಗೆಗೆ ತಾಗದೆ ಎತ್ತರದಲ್ಲಿ ನಿಲ್ಲುವ ಗಾರ್ಡ್ ಮಾಡಿದಾಗ ಅದನ್ನು ಕರೆದದ್ದೇ ಬೆರಳಿನ ಆಸರೆ ಅಂತ. ಆ ಕಾಲದ ಗಾರ್ಡ್‌ಗಳ ಮೇಲೆ ಪೇಟೆಂಟಿನ ತಾರೀಕು ಒತ್ತಿರುತ್ತಿತ್ತು, 1909ರ ಮಾರ್ಚ್ 30 ಅಂತ. ಅದಕ್ಕೂ ಮುಂಚೆ ಗಾರ್ಡನ್ನು ಮರದೊಳಗೇ ಕೂರಿಸುತ್ತಿದ್ದರು.

ಹಾಗಾಗಿ "ಗಾರ್ಡ್ ಬೇಕಾ ಬೇಡ್ವಾ" ಅನ್ನೋದು ಅಂದಚೆಂದದ ಪ್ರಶ್ನೆಗಿಂತ ಹೆಚ್ಚಾಗಿ ನಿಮ್ಮ ಬಲಗೈಯ ಪ್ರಶ್ನೆ. ಸ್ಕ್ರೂಡ್ರೈವರ್ ಹುಡುಕುವ ಮೊದಲು ಕೈ ನೋಡಿಕೊಳ್ಳಿ.

ನನ್ನ ಮ್ಯಾಂಡೊಲಿನ್‌ನಲ್ಲಿ ಇರೋದು ಯಾವ ಥರದ್ದು ಅಂತ ಹೇಗೆ ಗೊತ್ತಾಗುತ್ತೆ?

ಒಂದು ಲಗ್ನಪತ್ರಿಕೆ ತಗೊಂಡು ಅದರ ಅಂಚನ್ನು ಗಾರ್ಡ್ ಕೆಳಗೆ ತೂರಿಸಿ ನೋಡಿ. ಸಲೀಸಾಗಿ ಒಳಗೆ ಹೋಯ್ತು ಅಂದರೆ ಅದು ಎತ್ತರದ ಗಾರ್ಡ್. ಪಿಟೀಲಿನ ಥರ ಎಫ್ ಆಕಾರದ ಎರಡು ರಂಧ್ರ ಇರುವ, ಉಬ್ಬಿದ ಮೇಲ್ಹಲಗೆಯ ಮ್ಯಾಂಡೊಲಿನ್‌ಗಳಲ್ಲಿ ಸಾಮಾನ್ಯವಾಗಿ ಇದೇ ಇರುತ್ತೆ. ಕಾರ್ಡ್ ಹೋಗಲಿಲ್ಲ, ಆದರೆ ಉಗುರಿಗೆ ಅಂಚು ಸಿಗುತ್ತೆ ಅಂದರೆ ಅದು ಅಂಟಿಸಿದ್ದು. ದುಂಡು ಅಥವಾ ಮೊಟ್ಟೆಯಾಕಾರದ ರಂಧ್ರ ಇರುವ, ಕಡಿಮೆ ಬೆಲೆಯ ವಾದ್ಯಗಳಲ್ಲಿ ಇದು ಜಾಸ್ತಿ. ಕೆಲವಕ್ಕೆ ಅಂಟಿನ ಮೇಲೆ ಎರಡು ಸ್ಕ್ರೂ ಕೂಡ ಹೊಡೆದಿರುತ್ತಾರೆ.

ಉಗುರಿಗೂ ಅಂಚು ಸಿಗಲಿಲ್ಲ, ಮರದ ಮಟ್ಟಕ್ಕೇ ಇದೆ ಅಂದರೆ ಅದು ಕೆತ್ತಿ ಕೂರಿಸಿದ್ದು. ಹಿಂಭಾಗ ಬುರುಡೆಯ ಥರ ಇರುವ ಇಟಲಿ ಶೈಲಿಯ ಮ್ಯಾಂಡೊಲಿನ್‌ಗಳಲ್ಲಿ ಕಾಣುತ್ತೆ. ನಾಲ್ಕನೆಯದು ಎಲೆಕ್ಟ್ರಿಕ್‌ನ ಪ್ಲೇಟ್, ಅದರ ಕಥೆಯೇ ಬೇರೆ. ಮುಂದೆ ಹೇಳುತ್ತೇನೆ.

ಗಾರ್ಡ್ ತೆಗೆದರೆ ಸೌಂಡ್ ಜಾಸ್ತಿ ಬರುತ್ತಂತೆ, ನಿಜಾನಾ?

ಎತ್ತರದ ಗಾರ್ಡ್ ಆದರೆ ನುಡಿಸುವವನ ಕಿವಿಗೆ ಸ್ವಲ್ಪ ವ್ಯತ್ಯಾಸ ಕೇಳಬಹುದು. ಕೆಳಗಡೆಯ ರಂಧ್ರದ ಮೇಲೆ ಅದು ಅರ್ಧ ಮುಚ್ಚಳದ ಹಾಗೆ ಇರುತ್ತೆ ಅಲ್ವಾ, ಅದಕ್ಕೆ. ಎದುರು ಕೂತವರಿಗೆ ಗೊತ್ತಾಗೋದು ಕಷ್ಟ. ನಾನು ಒಂದು ಸಲ ನನ್ನ ಮಗನನ್ನು ಬಾಗಿಲ ಹೊರಗೆ ಕೂರಿಸಿ, ಗಾರ್ಡ್ ಹಾಕಿ ಮೂರು ಸಲ, ತೆಗೆದು ಮೂರು ಸಲ ನುಡಿಸಿದೆ. ಆರರಲ್ಲಿ ಮೂರು ಸರಿ ಹೇಳಿದ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು.

ಅಂಟಿಸಿದ ಗಾರ್ಡ್ ಮೇಲ್ಹಲಗೆಯ ಮೇಲೆ ಕೆಲವು ಗ್ರಾಂ ಭಾರ. ತೆಳು ಇದ್ದರೆ ಲೆಕ್ಕಕ್ಕಿಲ್ಲ. ದಪ್ಪ ಪ್ಲಾಸ್ಟಿಕ್ ಅಂಗೈ ಅಗಲ ಅಂಟಿಸಿದ್ದರೆ ಮಾತ್ರ ನಾದ ಸ್ವಲ್ಪ ಮಂಕಾಗುತ್ತೆ. ನಾದ ಹೆಚ್ಚಿಸೋದೇ ಆಸೆ ಆದರೆ ಹೊಸ ತಂತಿ ಹಾಕಿ. ಅದರಿಂದ ಬರುವ ಫರಕು ಇದರಿಂದ ಬರಲ್ಲ.

ನನಗೆ ಗಾರ್ಡ್ ಬೇಕೋ ಬೇಡವೋ ಅಂತ ಹೇಗೆ ತಿಳಿಯೋದು ಅಣ್ಣ?

ಫೋನನ್ನು ಬಲಗೈ ಪಕ್ಕ ನಿಲ್ಲಿಸಿ, ಹತ್ತು ನಿಮಿಷ ವಿಡಿಯೊ ಮಾಡಿ. ಕ್ಯಾಮೆರಾ ಇರೋದು ಮರೆತುಹೋಗುವಷ್ಟು ಹೊತ್ತು ನುಡಿಸಿ. ಆಮೇಲೆ ಕಿರುಬೆರಳು ಮಾತ್ರ ನೋಡಿ. ಅದು ಗಾರ್ಡ್ ಮೇಲೆ ಊರಿಕೊಂಡೇ ಇದೆಯಾ, ಸವರಿಕೊಂಡು ಹೋಗುತ್ತಾ, ಅಥವಾ ಮುಷ್ಟಿಯೊಳಗೆ ಮಡಚಿಕೊಂಡಿದೆಯಾ?

ಊರಿಕೊಂಡಿದ್ದರೆ ಗಾರ್ಡ್ ತೆಗೆದ ದಿನ ನಿಮ್ಮ ಕೈಗೆ ದಿಕ್ಕು ತಪ್ಪುತ್ತೆ. ಬೆರಳು ಕೆಳಗೆ ಮೇಲ್ಹಲಗೆಯನ್ನೇ ಹುಡುಕಿಕೊಂಡು ಹೋಗುತ್ತೆ, ಮಣಿಕಟ್ಟು ಬಾಗುತ್ತೆ, ಟ್ರೆಮೊಲೊ (ಒಂದೇ ಸ್ವರವನ್ನು ಬೇಗಬೇಗ ಮೀಟೋದು) ಒಡೆಯುತ್ತೆ. ಮಡಚಿಕೊಂಡಿದ್ದರೆ ಗಾರ್ಡ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ.

ಇನ್ನೊಂದು ಪರೀಕ್ಷೆ ಇದೆ. ಅಂಟಿಸಿದ ಗಾರ್ಡಿನ ಮೇಲೆ ಎಷ್ಟು ಗೀರು ಬಿದ್ದಿದೆ ನೋಡಿ. ಐದು ವರ್ಷ ನುಡಿಸಿದ ಮೇಲೂ ಕನ್ನಡಿ ಥರ ಹೊಳೆಯುತ್ತಿದ್ದರೆ ನಿಮ್ಮ ಪಿಕ್ ಅಲ್ಲಿಗೆ ಹೋಗೋದೇ ಇಲ್ಲ. ಕೆರೆದು ಬೆಳ್ಳಗಾಗಿದ್ದರೆ, ಅಷ್ಟೂ ಪೆಟ್ಟು ನಾಳೆಯಿಂದ ಮರಕ್ಕೆ.

ಬಿಚ್ಚುವ ಕೆಲಸ

ಎತ್ತರದ ಗಾರ್ಡ್ ಬಿಚ್ಚೋದು ಹೇಗೆ? ತಂತಿ ಎಲ್ಲ ತೆಗೀಬೇಕಾ?

ಬೇಡ! ತಂತಿ ಎಲ್ಲ ಒಟ್ಟಿಗೆ ತೆಗೆಯಲೇ ಬೇಡಿ. ಮ್ಯಾಂಡೊಲಿನ್‌ನ ಕುದುರೆಯನ್ನು (ತಂತಿಗಳನ್ನು ಎತ್ತಿ ಹಿಡಿಯುವ ತುಂಡು, ಬ್ರಿಡ್ಜ್) ಅಂಟಿಸಿರಲ್ಲ, ತಂತಿಯ ಒತ್ತಡಕ್ಕೆ ಮಾತ್ರ ನಿಂತಿರುತ್ತೆ. ತಂತಿ ಸಡಿಲವಾದ ಕೂಡಲೇ ಅದು ಜಾರುತ್ತೆ, ಆಮೇಲೆ ಮೇಲಿನ ಮನೆಗಳಲ್ಲಿ (ಫ್ರೆಟ್ ಅನ್ನೋ ಲೋಹದ ಅಡ್ಡಪಟ್ಟಿಗಳ ನಡುವಿನ ಜಾಗ) ಶ್ರುತಿಯೇ ಕೂಡಲ್ಲ.

ಮೊದಲು ಕುದುರೆಯ ನಾಲ್ಕು ಮೂಲೆಗೂ ಪೇಂಟರ್ ಟೇಪಿನ ಸಣ್ಣ ತುಂಡು ಹಾಕಿ ಗುರುತು ಮಾಡಿ. ಗಾರ್ಡ್ ಸಾಮಾನ್ಯವಾಗಿ ಎರಡು ಕಡೆ ಹಿಡಿದಿರುತ್ತೆ. ಒಂದು, ಫಿಂಗರ್ ಬೋರ್ಡಿನ (ಎಡಗೈ ಬೆರಳು ಒತ್ತುವ ಪಟ್ಟಿ) ಪಕ್ಕದಲ್ಲಿ ಎರಡು ಪುಟ್ಟ ಪಿನ್ನು ಅಥವಾ ಸ್ಕ್ರೂ. ಇನ್ನೊಂದು, ವಾದ್ಯದ ಅಂಚಿಗೆ ಬಾಗಿರುವ ಲೋಹದ ಕೊಕ್ಕೆ. ಹಳೆಯ ಕೆಲವಕ್ಕೆ ಕುದುರೆಗೂ ಒಂದು ಪಿನ್ನು ತೂರಿರುತ್ತೆ, ಅದನ್ನು ನೋಡದೆ ಎಳೆದರೆ ಕುದುರೆಯೂ ಜೊತೆಗೆ ಬರುತ್ತೆ. ಮೊದಲು ಅಂಚಿನ ಕೊಕ್ಕೆ ಬಿಚ್ಚಿ. ಆಮೇಲೆ ಫಿಂಗರ್ ಬೋರ್ಡಿನ ಕಡೆ. ಪಿನ್ನು ಇದ್ದರೆ ಗಾರ್ಡನ್ನು ಪಕ್ಕಕ್ಕೆ ನೇರ ಎಳೆಯಬೇಕು, ಮೇಲಕ್ಕೆ ಎತ್ತಬಾರದು. ಎತ್ತಿದರೆ ಪಿನ್ನಿನ ಜೊತೆ ಅಂಚಿನ ಪಟ್ಟಿಯೂ ಸೀಳುತ್ತೆ.

ಸ್ಕ್ರೂಗಳು ರಾಗಿ ಕಾಳಿಗಿಂತ ಸ್ವಲ್ಪ ದೊಡ್ಡವು, ಅಷ್ಟೇ. ಮನೆಯ ಸ್ಕ್ರೂಡ್ರೈವರ್ ಹಾಕಿದರೆ ತಲೆ ಸವೆದು ಹೋಗುತ್ತೆ. ಕನ್ನಡಕದ ಅಂಗಡಿಯವರು ಬಳಸುವ ಸ್ಕ್ರೂಡ್ರೈವರ್ ಇದಕ್ಕೆ ಹೇಳಿ ಮಾಡಿಸಿದ್ದು. ಕೆಳಗೆ ಒಂದು ಬಿಳಿ ಪಂಚೆ ಹಾಸಿಕೊಳ್ಳಿ. ನನ್ನ ಮೊದಲ ಸ್ಕ್ರೂ ರೆಡ್ ಆಕ್ಸೈಡ್ ನೆಲಕ್ಕೆ ಬಿದ್ದು ಮಾಯವಾಗಿತ್ತು. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮಂಡಿಯೂರಿ ಇಡೀ ಹಾಲ್ ಗುಡಿಸಿದ ಮೇಲೆ ಸೋಫಾ ಕಾಲಿನ ಹತ್ತಿರ ಸಿಕ್ತು. ಅದರ ಜೊತೆ ಮೂರು ಗುಂಡುಪಿನ್ನು, ಒಂದು ಹೇರ್‌ಪಿನ್ನು.

ಅಂಟಿಸಿರೋದನ್ನ ಕೀಳೋದು ಹೇಗೆ? ಚಾಕು ಹಾಕ್ಲಾ?

ಚಾಕು, ಬ್ಲೇಡು, ಸ್ಟೀಲ್ ಸ್ಕೇಲು ಯಾವುದೂ ಬೇಡ. ಹೇರ್ ಡ್ರೈಯರ್ ಸಾಕು. ಕಡಿಮೆ ಬಿಸಿಯಲ್ಲಿ, ಒಂದು ಗೇಣು ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಇರಿ. ಎರಡು ನಿಮಿಷಕ್ಕೊಮ್ಮೆ ಅಂಗೈ ಇಟ್ಟು ನೋಡಿ. ಕೈಗೆ ಹಿತವಾಗಿ ಬಿಸಿ ಇರಬೇಕು, ಚುರ್ ಅನ್ನಬಾರದು. ಮೂಲೆ ಸ್ವಲ್ಪ ಎದ್ದ ಕೂಡಲೇ ಹಲ್ಲಿನ ಸಂದಿ ತೆಗೆಯುವ ಮೇಣದ ದಾರ ಅಥವಾ ಮೀನು ಹಿಡಿಯುವ ತೆಳು ನೈಲಾನ್ ದಾರ ತೂರಿಸಿ, ಗರಗಸದ ಥರ ಹಿಂದೆ ಮುಂದೆ ಎಳೆಯುತ್ತಾ ಹೋಗಿ. ಅರ್ಧ ಗಂಟೆ ಹಿಡಿಯಲಿ, ಅವಸರ ಬೇಡ.

ಅವಸರ ಮಾಡಿದರೆ ಏನಾಗುತ್ತೆ ಅಂತ ನನ್ನ ಎರಡನೇ ಮ್ಯಾಂಡೊಲಿನ್ ನೋಡಿದರೆ ಗೊತ್ತಾಗುತ್ತೆ. ಏಪ್ರಿಲ್ ತಿಂಗಳು, ಕರೆಂಟ್ ಹೋಗುತ್ತೇನೋ ಅಂತ ಡ್ರೈಯರನ್ನು ಪೂರ್ತಿ ಬಿಸಿಗೆ ಇಟ್ಟೆ. ಗಾರ್ಡೇನೋ ಬಂತು. ಅದರ ಜೊತೆ ಎರಡು ರೂಪಾಯಿ ನಾಣ್ಯದಷ್ಟು ಪಾಲಿಶ್ ಗುಳ್ಳೆ ಎದ್ದು ಬಂತು, ದೋಸೆ ಹಂಚಿಗೆ ಹಿಡಿದ ಹಾಗೆ. ಆ ಕಲೆ ಇವತ್ತಿಗೂ ಇದೆ.

ಒಂದು ಎಚ್ಚರಿಕೆ: ಗಾರ್ಡ್ ಹಳೇ ಸೆಲ್ಯುಲಾಯ್ಡ್ ಅನ್ನೋ ಅನುಮಾನ ಇದ್ದರೆ ಬಿಸಿ ಮಾಡಲೇಬೇಡಿ. ಅದು ಸುಲಭವಾಗಿ ಬೆಂಕಿ ಹಿಡಿಯುವ ಪದಾರ್ಥ.

ಗಮ್ ಕಲೆ ಉಳ್ಕೊಂಡಿದೆ. ನೇಲ್ ಪಾಲಿಶ್ ರಿಮೂವರ್ ಹಾಕಬಹುದಾ? ಸ್ಯಾನಿಟೈಸರ್?

ಎರಡೂ ಬೇಡ. ರಿಮೂವರ್‌ನಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತೆ, ಅದು ಲ್ಯಾಕರ್ ಪಾಲಿಶನ್ನು ಕರಗಿಸುತ್ತೆ. ಸ್ಯಾನಿಟೈಸರ್‌ನಲ್ಲಿರುವ ಸ್ಪಿರಿಟ್ ಅರಗಿನ ಪಾಲಿಶನ್ನು ಕರಗಿಸುತ್ತೆ. ಕೊರೊನಾ ಕಾಲದಲ್ಲಿ ನನ್ನ ಗೆಳೆಯನೊಬ್ಬ ಮದುವೆ ಪ್ರೋಗ್ರಾಂಗೆ ಮುಂಚೆ ವಾದ್ಯವನ್ನೆಲ್ಲ ಸ್ಯಾನಿಟೈಸರ್‌ನಲ್ಲಿ ಒರೆಸಿದ. ಬಟ್ಟೆ ಕೆಂಪಗಾಯ್ತು, ಮ್ಯಾಂಡೊಲಿನ್ ಬೆಳ್ಳಗಾಯ್ತು.

ಸಿಗರೇಟ್ ಲೈಟರಿಗೆ ತುಂಬುವ ನಾಫ್ತಾ ದ್ರವ ಸಿಕ್ಕರೆ ಒಳ್ಳೆಯದು. ಹತ್ತಿ ಬಟ್ಟೆಗೆ ಎರಡು ಹನಿ ಹಾಕಿ, ಮೊದಲು ಕಣ್ಣಿಗೆ ಕಾಣದ ಜಾಗದಲ್ಲಿ ಒರೆಸಿ ನೋಡಿ, ಆಮೇಲೆ ಕಲೆಗೆ. ಕಿಟಕಿ ತೆಗೆದಿರಲಿ, ದೀಪ ಊದುಬತ್ತಿ ಹತ್ತಿರ ಇರಬಾರದು. ಪೆಟ್ರೋಲ್ ಬಂಕಿನ ಪೆಟ್ರೋಲ್ ಹಾಕಬೇಡಿ, ಅದರಲ್ಲಿ ಬೇರೆ ಏನೇನೋ ಸೇರಿರುತ್ತೆ. ಸೀಮೆಎಣ್ಣೆ ಜಿಡ್ಡು ಬಿಡುತ್ತೆ. ಕಲೆ ತೆಳುವಾಗಿದ್ದರೆ ಬೆರಳಲ್ಲೇ ಉಜ್ಜಿ ಉಂಡೆ ಮಾಡಿ ತೆಗೆಯಬಹುದು. ಬೇಜಾರಿನ ಕೆಲಸ, ಆದರೆ ಏನೂ ಹಾಳಾಗಲ್ಲ.

ಗಾರ್ಡ್ ತೆಗೆದ ಜಾಗ ಬೆಳ್ಳಗಿದೆ, ಸುತ್ತ ಹಳದಿ. ಬಿಸಿಲಿಗೆ ಇಟ್ಟರೆ ಸರಿ ಹೋಗುತ್ತಾ?

ಮೇಲ್ಹಲಗೆಗೆ ಬಳಸುವ ಸ್ಪ್ರೂಸ್ ಮರ ಬೆಳಕಿಗೆ ಬಣ್ಣ ತಿರುಗುತ್ತೆ. ಗಾರ್ಡಿನ ನೆರಳಲ್ಲಿದ್ದ ಭಾಗ ಹಾಗೇ ಉಳಿದಿರುತ್ತೆ. ವಾಚ್ ಕಟ್ಟಿದ ಕೈ ಥರ. ಬಿಡಿ, ವರ್ಷಾನುಗಟ್ಟಲೆ ನುಡಿಸುತ್ತಾ ಹೋದರೆ ಮೆಲ್ಲಗೆ ಹತ್ತಿರ ಬರುತ್ತೆ, ಪೂರ್ತಿ ಒಂದೇ ಆಗುತ್ತೆ ಅಂತ ಆಸೆ ಬೇಡ. ಕಿಟಕಿ ಹತ್ತಿರ, ನೇರ ಬಿಸಿಲು ಬೀಳದ ಕಡೆ ನೇತು ಹಾಕಬಹುದು.

ತಾರಸಿ ಮೇಲೆ ಮಾತ್ರ ಬೇಡ. ಹಪ್ಪಳ ಸಂಡಿಗೆ ಒಣಗಿಸುವ ನಮ್ಮ ಏಪ್ರಿಲ್ ಬಿಸಿಲಿಗೆ ಮ್ಯಾಂಡೊಲಿನ್ ಇಟ್ಟರೆ ಮರ ಬಿರಿಯುತ್ತೆ, ಜೋಡಣೆಯ ಅಂಟು ಸಡಿಲವಾಗುತ್ತೆ. ನಿಲ್ಲಿಸಿದ ಕಾರಿನೊಳಗೆ ಇಡೋದೂ ಅಷ್ಟೇ ಕೆಟ್ಟದ್ದು.

ಒಬ್ಬರು ಆ ಗುರುತು ಹೋಗಲಿ ಅಂತ ಅಂಗಡಿಯೊಂದಕ್ಕೆ ಕೊಟ್ಟಿದ್ದರು. ಅಲ್ಲಿ ಇಡೀ ಮೇಲ್ಹಲಗೆಯನ್ನು ಸ್ಯಾಂಡ್ ಪೇಪರ್ ಹಾಕಿ ಉಜ್ಜಿ, ಬಾಗಿಲಿಗೆ ಹೊಡೆಯುವ ವಾರ್ನಿಶ್ ಬಳಿದು ಕೊಟ್ಟರು. ಬಣ್ಣ ಒಂದೇ ಸಮ ಆಯ್ತು. ನಾದ ಹೋಯ್ತು.

ಸ್ಕ್ರೂ ತೂತು ಹಾಗೇ ಕಾಣ್ತಿದೆ, ಏನು ತುಂಬಲಿ?

ಊದುಬತ್ತಿ ಉರಿದ ಮೇಲೆ ಉಳಿಯುವ ಬಿದಿರು ಕಡ್ಡಿ. ತುದಿ ಹೆರೆದು ಫೆವಿಕಾಲ್‌ನಲ್ಲಿ ಅದ್ದಿ ತೂರಿಸಿ, ಮಾರನೇ ದಿನ ಮಟ್ಟಕ್ಕೆ ಕತ್ತರಿಸಿ. ಮುಂದೆ ಅಲ್ಲಿಗೇ ಸ್ಕ್ರೂ ಹಾಕಬೇಕು ಅನ್ನಿಸಿದರೂ ಹಿಡಿಯುತ್ತೆ. ಎಂ-ಸೀಲ್ ಮೆತ್ತಬೇಡಿ.

ಅಜ್ಜನ ಕಾಲದ ಬುರುಡೆ ಮ್ಯಾಂಡೊಲಿನ್ ಇದೆ. ಅದರ ಗಾರ್ಡ್ ಕಿತ್ತು ಹೊಸದು ಹಾಕ್ಲಾ?

ಕೈ ಮುಗಿದು ಕೇಳ್ತೀನಿ, ಬೇಡ. ಅಲ್ಲಿ ಮರವನ್ನು ತಗ್ಗು ಮಾಡಿ ಆ ತುಂಡನ್ನು ಕೂರಿಸಿರುತ್ತಾರೆ. ಕೆಳಗೆ ಉಳಿದಿರುವ ಮರ ಬಹಳ ತೆಳು. ಕಿತ್ತರೆ ಕುದುರೆಯ ಒತ್ತಡಕ್ಕೆ ಅಲ್ಲೇ ಸೀಳಬಹುದು. ಅಂಚು ಎದ್ದಿದ್ದರೆ ಅಷ್ಟಕ್ಕೇ ಅಂಟು ಬಿಟ್ಟು ಒತ್ತಿಡಿ.

ಇನ್ನೊಂದು ವಿಷಯ. ಬಹಳ ಹಳೆಯವುಗಳಲ್ಲಿ ಅದು ನಿಜವಾದ ಆಮೆಚಿಪ್ಪೇ ಆಗಿರಬಹುದು, ಹಾಕ್ಸ್‌ಬಿಲ್ ಅನ್ನೋ ಕಡಲಾಮೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಮೊದಲ ಪಟ್ಟಿಯ ಪ್ರಾಣಿ. ಕಿತ್ತು ಮಾರುವ ಯೋಚನೆ ಬಿಟ್ಟುಬಿಡಿ.

ಹೊಸದು ಮಾಡಿಸುವವರಿಗೆ

ದಾವಣಗೆರೆಯಲ್ಲಿ ಪಿಕ್ ಗಾರ್ಡ್ ಎಲ್ಲಿ ಸಿಗುತ್ತೆ?

ಮ್ಯಾಂಡೊಲಿನ್‌ಗೆ ಅಂತಲೇ ಸಿದ್ಧವಾದದ್ದು ನನಗೆ ಇಲ್ಲಿ ಸಿಕ್ಕಿಲ್ಲ. ಆನ್‌ಲೈನ್‌ನಲ್ಲಿ ತರಿಸಿದರೂ ಅಳತೆ ಕೂಡಲ್ಲ, ಒಂದೊಂದು ವಾದ್ಯದ ಫಿಂಗರ್ ಬೋರ್ಡ್, ಕುದುರೆಯ ಅಂತರ ಒಂದೊಂದು ಥರ. ನೇಮ್ ಬೋರ್ಡ್, ನಂಬರ್ ಪ್ಲೇಟ್ ಮಾಡುವ ಅಂಗಡಿಗೆ ಹೋಗಿ. ಅವರಲ್ಲಿ ಅಕ್ರಿಲಿಕ್ ಶೀಟಿನ ಕತ್ತರಿಸಿ ಉಳಿದ ತುಂಡು ರಾಶಿ ಇರುತ್ತೆ. ಒಳ್ಳೆ ಮಾತಲ್ಲಿ ಕೇಳಿದರೆ ಚಹಾದ ದುಡ್ಡಿಗೆ ಕೊಡುತ್ತಾರೆ. ಲೇಸರ್ ಮಶೀನ್ ಇದ್ದರೆ ಕತ್ತರಿಸಿಯೂ ಕೊಡುತ್ತಾರೆ.

ಎತ್ತರದ ಗಾರ್ಡಿಗೆ 2ರಿಂದ 3 ಮಿ.ಮೀ. ದಪ್ಪ ಬೇಕು, ಇಲ್ಲದಿದ್ದರೆ ಬೆರಳಿನ ಭಾರಕ್ಕೆ ಬಗ್ಗಿ ಗಿರ್ ಅನ್ನುತ್ತೆ. ಅಂಟಿಸೋದಕ್ಕೆ 1 ಮಿ.ಮೀ. ಒಳಗೆ ಸಾಕು. ಮನೆಗೆಲಸಕ್ಕೆ ತಂದು ಉಳಿದ ಸನ್‌ಮೈಕಾ ಕೂಡ ಅಂಟಿಸುವ ಗಾರ್ಡಿಗೆ ಚೆನ್ನಾಗಿ ಆಗುತ್ತೆ, ಗೀರು ಬೀಳಲ್ಲ. ಆದರೆ ಅದರ ಅಂಚು ಬ್ಲೇಡಿನ ಹಾಗಿರುತ್ತೆ, ಉಜ್ಜಿ ದುಂಡು ಮಾಡದೆ ಹಾಕಬೇಡಿ. ಪಿವಿಸಿ ಶೀಟನ್ನು ಲೇಸರ್‌ಗೆ ಕೊಡಬಾರದು. ಸುಟ್ಟಾಗ ಕ್ಲೋರಿನ್ ಇರುವ ವಿಷದ ಹೊಗೆ ಬರುತ್ತೆ, ಮಶೀನೂ ತುಕ್ಕು ಹಿಡಿಯುತ್ತೆ. ಅದನ್ನು ಕೈ ಗರಗಸದಲ್ಲೇ ಕೊಯ್ಯಬೇಕು.

ಅಳತೆ ಹೇಗೆ ತಗೊಳ್ಳೋದು?

ಮತ್ತೆ ಅದೇ ಲಗ್ನಪತ್ರಿಕೆ. ಮನೆಯಲ್ಲಿ ರಾಶಿ ಬಿದ್ದಿರುತ್ತವಲ್ಲ. ದಪ್ಪ ಕಾರ್ಡನ್ನು ಫಿಂಗರ್ ಬೋರ್ಡಿನ ಪಕ್ಕಕ್ಕೆ ಒತ್ತಿಟ್ಟು, ಕುದುರೆಗೆ ತಾಗದ ಹಾಗೆ ಕತ್ತರಿಸುತ್ತಾ ಹೋಗಿ. ಕುದುರೆಗೂ ಗಾರ್ಡಿಗೂ ನಡುವೆ ಕನಿಷ್ಠ 2 ಮಿ.ಮೀ. ಸಂದು ಬಿಡಿ. ಚಳಿ ಮಳೆಗೆ ಕುದುರೆಯನ್ನು ಆಚೀಚೆ ಸರಿಸಬೇಕಾಗುತ್ತೆ.

ಕಾರ್ಡನ್ನು ಟೇಪಿನಲ್ಲಿ ನಿಲ್ಲಿಸಿ ಒಂದು ವಾರ ಹಾಗೇ ನುಡಿಸಿ. ಇದು ಮುಖ್ಯ. ಬೆರಳು ಊರುವ ಜಾಗದಲ್ಲಿ ಕಾರ್ಡ್ ಕೊಳೆಯಾಗುತ್ತೆ, ಪಿಕ್ ತಾಗುವ ಜಾಗದಲ್ಲಿ ಹರಿಯುತ್ತೆ. ಆ ಎರಡು ಗುರುತು ಬಿಟ್ಟು ಉಳಿದ ಜಾಗ ಎಲ್ಲ ಬರೀ ಅಲಂಕಾರ. ನನ್ನ ಮೊದಲ ಕಾರ್ಡಿನಲ್ಲಿ ಗಣೇಶನ ಚಿತ್ರ ಇತ್ತು, ವಾರದ ಕೊನೆಗೆ ಸೊಂಡಿಲು ಪೂರ್ತಿ ಸವೆದಿತ್ತು. ಅಲ್ಲಿಗೆ ನನಗೆ ಬೇಕಾದದ್ದು ಹೆಬ್ಬೆರಳಗಲದ ಪಟ್ಟಿ ಮಾತ್ರ ಅಂತ ಗೊತ್ತಾಯ್ತು.

ಗಾರ್ಡಿನ ಎತ್ತರ ತಂತಿಗಿಂತ ಚೂರು ಕೆಳಗಿರಲಿ. ಜಾಸ್ತಿ ಎತ್ತರ ಆದರೆ ಪಿಕ್ ಟಕ್ ಟಕ್ ಅಂತ ಬಡಿಯುತ್ತೆ, ಮೈಕ್ ಹಾಕಿದಾಗ ಹಾಡಿಗಿಂತ ಅದೇ ಕೇಳುತ್ತೆ.

ಪ್ಲಾಸ್ಟಿಕ್ ಬೇಡ, ಮರದ್ದು ಮಾಡಿಸಬಹುದಾ?

ಮಾಡಿಸಬಹುದು, ನೋಡೋಕೆ ಬಹಳ ಚೆಂದ. ಬೀಟೆ ಆದರೆ ಎಲ್ಲಕ್ಕಿಂತ ಚೆನ್ನ. ಹೊಸ ಮರ ಹುಡುಕಬೇಡಿ, ಬಡಗಿಗಳ ಹತ್ತಿರ ಹಳೇ ಮಂಚ, ಕುರ್ಚಿಯ ತುಂಡು ಸಿಗುತ್ತೆ. ತೇಗವೂ ಆಗುತ್ತೆ. ಒಂದೇ ತುಂಡು ತೆಳು ಮಾಡಿದರೆ ಎಳೆಯ ಉದ್ದಕ್ಕೆ ಸೀಳುತ್ತೆ. ಹಾಗಾಗಿ ಮೂರು ವೆನೀರ್ (ತೆಳು ಮರದ) ಹಾಳೆಗಳನ್ನು ಎಳೆ ಅಡ್ಡಡ್ಡ ಬರುವ ಹಾಗೆ ಅಂಟಿಸಿ, ಚಪ್ಪಟೆ ಭಾರ ಹೇರಿ ಒಂದು ದಿನ ಬಿಡಿ. ನಾನು ಹೇರಿದ್ದು ರೊಟ್ಟಿ ಹಂಚು, ಅದರ ಮೇಲೆ ಅಕ್ಕಿ ಡಬ್ಬ.

ಅಂಚಿಗೆ ಅರ ಹಾಕಿ ಓರೆ ಮಾಡಿ. 220ರ ಸ್ಯಾಂಡ್ ಪೇಪರ್, ಆಮೇಲೆ 400, ಪಾಲಿಶಿಗೆ ಮುಂಚೆ 800. ಎರಡೂ ಬದಿಗೆ ಪಾಲಿಶ್ ಹೊಡೆಯಬೇಕು. ಮೇಲೆ ಮಾತ್ರ ಹೊಡೆದರೆ ಕೆಳಗಿನ ಬದಿ ತೇವ ಕುಡಿದು, ಮಳೆಗಾಲ ಮುಗಿಯೋದರೊಳಗೆ ಗಾರ್ಡ್ ಹಪ್ಪಳ ಆಗುತ್ತೆ. ಅಕ್ರಿಲಿಕ್ ಅಂಚಿಗೂ ಇದೇ ಕ್ರಮ, ಆದರೆ 400ರಿಂದ ಮುಂದೆ ನೀರು ಹಾಕಿ ಉಜ್ಜಿ, 1200ರವರೆಗೆ ಹೋಗಿ.

ನಾನು ಚಿತ್ರದುರ್ಗದವನು. ಗಾರ್ಡ್ ಮೇಲೆ ಓಬವ್ವನ ಚಿತ್ರ ಕೆತ್ತಿಸಬೇಕು ಅಂತ ಆಸೆ, ಆಗುತ್ತಾ?

ಧಾರಾಳವಾಗಿ ಆಗುತ್ತೆ. ಲೇಸರ್‌ನವರಿಗೆ ಕಪ್ಪು ಬಿಳುಪಿನ ರೇಖಾಚಿತ್ರ ಕೊಡಿ, ಫೋಟೊ ಕೊಟ್ಟರೆ ಮಸಿ ಮೆತ್ತಿದ ಹಾಗೆ ಬರುತ್ತೆ. ಒನಕೆ ಎತ್ತಿದ ಆಕೃತಿ ಸಾಕು, ಮುಖದ ವಿವರ ಈ ಅಳತೆಯಲ್ಲಿ ಕಾಣಲ್ಲ. ಪಾರದರ್ಶಕ ಅಕ್ರಿಲಿಕ್ ಆದರೆ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ, ಕೆಳಬದಿಗೆ ಕೆತ್ತಿಸಿ. ಆಗ ಪಿಕ್ ಎಷ್ಟು ಗೀರಿದರೂ ಚಿತ್ರಕ್ಕೆ ಏನೂ ಆಗಲ್ಲ, ಮೇಲ್ಬದಿಯೂ ಬೆರಳಿಗೆ ನುಣುಪಾಗಿರುತ್ತೆ. ಒನಕೆಯ ತುದಿ ಕುದುರೆಯ ಕಡೆ ತೋರಿಸಲಿ ಅಂತ ನನ್ನ ಸಲಹೆ. ಯಾಕೆ ಅಂತ ಕೇಳಬೇಡಿ, ಚೆನ್ನಾಗಿ ಕಾಣುತ್ತೆ ಅಷ್ಟೇ.

ಅಪ್ಪು ಫೋಟೊ ಸ್ಟಿಕ್ಕರ್, ಇಲ್ಲಾಂದ್ರೆ ಮೊಬೈಲ್‌ಗೆ ಹಾಕೋ ಟ್ರಾನ್ಸ್‌ಪರೆಂಟ್ ಲ್ಯಾಮಿನೇಷನ್ ನೇರ ಮರದ ಮೇಲೆ ಅಂಟಿಸಬಹುದಾ?

ಇವತ್ತಿನ ಹೆಚ್ಚಿನ ವಾದ್ಯಗಳ ಗಟ್ಟಿ ಪಾಲಿಯುರೆಥೇನ್ ಪಾಲಿಶ್ ಮೇಲೆ ತೊಂದರೆ ಕಡಿಮೆ. ಲ್ಯಾಕರ್ ಅಥವಾ ಅರಗಿನ ಪಾಲಿಶ್ ಇದ್ದರೆ ವಿನೈಲ್ ಸ್ಟಿಕ್ಕರ್ ಅದನ್ನು ಮೆತ್ತಗೆ ಮಾಡಿಬಿಡುತ್ತೆ. ಪ್ಲಾಸ್ಟಿಕ್ಕನ್ನು ಬಾಗುವ ಹಾಗೆ ಮಾಡಲು ಸೇರಿಸಿರುವ ದ್ರವ ನಿಧಾನಕ್ಕೆ ಪಾಲಿಶ್‌ಗೆ ಇಳಿಯುತ್ತೆ. ವರ್ಷ ಕಳೆದು ಕಿತ್ತರೆ ಅಪ್ಪು ಜೊತೆ ಪಾಲಿಶೂ ಬರುತ್ತೆ. ಗಾರ್ಡ್ ಮೇಲೆ ಅಂಟಿಸಿಕೊಳ್ಳಿ, ಆಸೆಯೂ ತೀರುತ್ತೆ, ಮರವೂ ಉಳಿಯುತ್ತೆ.

ಮತ್ತೆ, ಗಾರ್ಡ್ ಬೇಡ ಅಂತ ನಿರ್ಧಾರ ಮಾಡಿದವರಿಗೆ ಒಂದು ಮಾತು: ಖಾರ ಮಂಡಕ್ಕಿ, ಮಿರ್ಚಿ ತಿಂದು ಹಾಗೇ ವಾದ್ಯ ಮುಟ್ಟಬೇಡಿ. ಪಿಕ್‌ಗಿಂತ ಎಣ್ಣೆ ಕೈ ಮಾಡುವ ಹಾಳು ಜಾಸ್ತಿ.

ಯಾವ ಅಂಟು ಹಾಕ್ಲಿ?

ತೆಳು ಡಬಲ್ ಟೇಪ್. ಸೂಪರ್ ಗ್ಲೂ ಹಾಕಿದರೆ ಅದು ಮದುವೆ, ಡೈವೋರ್ಸ್ ಇಲ್ಲ. ಉಬ್ಬಿದ ಮೇಲ್ಹಲಗೆಗೆ ಗಟ್ಟಿ ಶೀಟ್ ಅಂಟಿಸಬೇಡಿ, ಮೂಲೆ ಏಳುತ್ತಲೇ ಇರುತ್ತೆ.

ಸ್ವಲ್ಪ ಆಳಕ್ಕೆ ಹೋದವರಿಗೆ

ಹೊಸ ಗಾರ್ಡ್ ಹಾಕಿದ ಮೇಲೆ ಜಿರ್ರ್ ಅಂತ ಸದ್ದು ಬರ್ತಿದೆ. ಎಲ್ಲಿಂದ ಅಂತ ಗೊತ್ತಾಗ್ತಿಲ್ಲ.

ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ಇದೇ. ಎಲ್ಲಾ ಸ್ವರಕ್ಕೂ ಬರುತ್ತಾ, ಒಂದೆರಡು ಸ್ವರಕ್ಕೆ ಮಾತ್ರವಾ ಅಂತ ಮೊದಲು ನೋಡಿ. ಒಂದೇ ಸ್ವರಕ್ಕೆ ಬಂದರೆ ಯಾವುದೋ ಬಿಡಿ ಭಾಗ ಆ ಸ್ವರದ ಕಂಪನಕ್ಕೆ ಜೊತೆಗೂಡುತ್ತಿದೆ ಅಂತ ಅರ್ಥ. ಆ ಸ್ವರವನ್ನೇ ಬಿಡದೆ ಮೀಟುತ್ತಾ, ಇನ್ನೊಬ್ಬರ ಕೈಯಲ್ಲಿ ಗಾರ್ಡನ್ನು ಒಂದೊಂದೇ ಕಡೆ ಮೆಲ್ಲಗೆ ಒತ್ತಿಸಿ. ಎಲ್ಲಿ ಒತ್ತಿದಾಗ ನಿಲ್ಲುತ್ತೋ ಅಲ್ಲೇ ಕಳ್ಳ.

ಸಾಮಾನ್ಯವಾಗಿ ಮೂರು ಜಾಗ. ಅಂಚಿನ ಕೊಕ್ಕೆಯ ನಟ್ಟು ಸಡಿಲ. ಗಾರ್ಡಿನ ತುದಿ ಮೇಲ್ಹಲಗೆಗೆ ಕೂದಲೆಳೆಯಷ್ಟು ಅಂತರದಲ್ಲಿ ತಾಗಿ ಬಿಡುತ್ತಿರುವುದು. ಅಥವಾ ಕುದುರೆಗೆ ತಾಗುತ್ತಿರುವುದು. ನ್ಯೂಸ್ ಪೇಪರಿನ ಪಟ್ಟಿಯನ್ನು ಸಂದಿನಲ್ಲಿ ಎಳೆದು ನೋಡಿ, ಸಿಕ್ಕಿಕೊಂಡ ಕಡೆ ಉಜ್ಜಬೇಕು. ಕೊಕ್ಕೆಗೂ ಮರಕ್ಕೂ ನಡುವೆ ಬಾಟಲಿಯ ಕಾರ್ಕಿನ ಚೂರು ಅಥವಾ ಫೆಲ್ಟ್ ಬಟ್ಟೆ ಇಡಿ. ಕೇರಂ ಬೋರ್ಡ್ ಪಾಕೆಟ್ಟಿನ ಬಲೆಗೆ ಕಟ್ಟುವ ಹತ್ತಿ ದಾರವನ್ನೂ ಒಬ್ಬರು ಸುತ್ತಿದ್ದರು, ಅದೂ ನಿಲ್ಲಿಸಿತ್ತು.

ಗಾರ್ಡ್ ಪೂರ್ತಿ ಬಿಚ್ಚಿಟ್ಟರೂ ಸದ್ದು ಬಂದರೆ ಗಾರ್ಡ್ ತಪ್ಪಿಲ್ಲ. ಕುದುರೆಯಿಂದ ಬಾಲದ ಕಡೆಗಿನ ತಂತಿ, ತಂತಿ ಕಟ್ಟುವ ತಗಡಿನ ಮುಚ್ಚಳ, ಬಿರಡೆಯ ಸ್ಕ್ರೂ, ಎಲ್ಲ ನೋಡಿ. ಒಬ್ಬ ಹುಡುಗ ಮೂರು ಸಲ ಗಾರ್ಡ್ ಉಜ್ಜಿಸಿಕೊಂಡು ಹೋದ. ಕೊನೆಗೆ ನೋಡಿದರೆ ಜಿರ್ರ್ ಅನ್ನುತ್ತಿದ್ದದ್ದು ಅವನ ಅಂಗಿಯ ಗುಂಡಿ, ವಾದ್ಯದ ಬೆನ್ನಿಗೆ ತಾಗಿ.

ಗಾರ್ಡ್ ಬೇಡ, ಆದರೆ ಪಿಕ್ ಫಿಂಗರ್ ಬೋರ್ಡಿನ ತುದಿಗೆ ಬಡಿಯುತ್ತೆ. ಅದಕ್ಕೆ ಏನು?

ಅದು ಗಾರ್ಡಿನ ಸಮಸ್ಯೆ ಅಲ್ಲ. ಮೇಲ್ಹಲಗೆಯ ಮೇಲೆ ಚಾಚಿರುವ ಕೊನೆಯ ಮನೆಗಳಿಗೆ ಪಿಕ್ ತಾಗುತ್ತೆ. ಕೆಲವರು ಆ ಫ್ರೆಟ್‌ಗಳನ್ನು ಕಿತ್ತು ಮರವನ್ನು ತಗ್ಗು ಮಾಡಿಸುತ್ತಾರೆ. ಆಮೇಲೆ ವಾಪಸ್ ಬರಲ್ಲ, ಯೋಚಿಸಿ. ಕುದುರೆಯ ಕಡೆಗೆ ಅರ್ಧ ಅಂಗುಲ ಕೈ ಸರಿಸಿ ನುಡಿಸಿ ನೋಡಿ, ದುಡ್ಡು ಖರ್ಚಿಲ್ಲ.

ಕರ್ನಾಟಕ ಸಂಗೀತಕ್ಕೆ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಇದೆ. ಅದರ ಪ್ಲೇಟ್ ತೆಗೆದುಬಿಡಬಹುದಾ?

ಮ್ಯಾಂಡೊಲಿನ್ ವಿದ್ವಾಂಸ ಯು. ಶ್ರೀನಿವಾಸ್ ಅವರು ಐದು ಒಂಟಿ ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದು ಕಛೇರಿ ಮಾಡಿದ ಮೇಲೆ ನಮ್ಮ ಕಡೆಯೂ ಆ ಥರದ್ದು ಬಂತು. ಅದರದು ಗಟ್ಟಿ ಮರದ ಒಡಲು, ನಾದ ಬರೋದು ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ನಿಂದ. ಹಾಗಾಗಿ ಪ್ಲೇಟ್ ತೆಗೆದರೂ ಹಾಕಿದರೂ ನಾದಕ್ಕೆ ಸಂಬಂಧ ಇಲ್ಲ. ಆದರೆ ಎಷ್ಟೋ ವಾದ್ಯಗಳಲ್ಲಿ ವಾಲ್ಯೂಮ್, ಟೋನ್ ನಾಬ್‌ಗಳು ಆ ಪ್ಲೇಟಿಗೇ ಕೂತಿರುತ್ತವೆ. ತೆಗೆದರೆ ಅವು ತೂಗಾಡುತ್ತವೆ.

ಬದಲಾಯಿಸಬೇಕು ಅಂದರೆ ಹಳೇ ಪ್ಲೇಟನ್ನೇ ಅಚ್ಚು ಮಾಡಿಕೊಳ್ಳಿ. ಬಿಚ್ಚಿದ ಕೂಡಲೇ ವೈರುಗಳ ಫೋಟೊ ತೆಗೆಯಿರಿ. ಪ್ಲೇಟಿನ ಕೆಳಗೆ ತಾಮ್ರದ್ದೋ ಅಲ್ಯುಮಿನಿಯಮ್ಮಿನದೋ ತೆಳು ಹಾಳೆ ಇದ್ದರೆ ಹೊಸದಕ್ಕೂ ಅಂಟಿಸಬೇಕು, ಅದು ಅರ್ಥ್‌ಗೆ ಸೇರಿರಬೇಕು. ಮರೆತರೆ ಪೆಂಡಾಲಿನ ಸೀರಿಯಲ್ ಲೈಟ್ ಹತ್ತಿದ ಕೂಡಲೇ ಸ್ಪೀಕರಿನಲ್ಲಿ ಗುಂಯ್ ಅಂತ ಶುರುವಾಗುತ್ತೆ. ಗಮಕಕ್ಕೆ ತಂತಿ ಎಳೆಯುವವರು ಹೊಳಪಿನ ಪ್ಲೇಟ್ ಬದಲು ಮಬ್ಬು ಪ್ಲೇಟ್ ಹಾಕಿಸಿಕೊಳ್ಳಿ, ವೇದಿಕೆಯ ದೀಪ ಕಣ್ಣಿಗೆ ಹೊಡೆಯಲ್ಲ.

ಹಳೇ ಗಾರ್ಡ್ ತಾನಾಗೇ ಮುದುಡಿ, ಪುಡಿಪುಡಿ ಆಗ್ತಿದೆ. ಪಕ್ಕದ ತಂತಿಗೂ ತುಕ್ಕು. ಯಾಕೆ?

ಅದು ಸೆಲ್ಯುಲಾಯ್ಡ್. ಹತ್ತೊಂಬತ್ತನೇ ಶತಮಾನದಲ್ಲಿ ದಂತ, ಆಮೆಚಿಪ್ಪಿಗೆ ಬದಲಾಗಿ ಬಂದ ಪ್ಲಾಸ್ಟಿಕ್. ವಯಸ್ಸಾದ ಮೇಲೆ ಒಡೆದು ಆಮ್ಲದ ಆವಿ ಬಿಡುತ್ತೆ, ಮೂಗಿಗೆ ಚುಚ್ಚುವ ವಾಸನೆ ಬರುತ್ತೆ. ಆ ಆವಿ ತಂತಿ, ಫ್ರೆಟ್, ಪಾಲಿಶ್ ಮೂರನ್ನೂ ತಿನ್ನುತ್ತೆ. ಮುಚ್ಚಿದ ಕೇಸಿನಲ್ಲಿ ಇನ್ನೂ ಬೇಗ. ಅದನ್ನು ಮಾತ್ರ ಯಾವ ಯೋಚನೆಯೂ ಇಲ್ಲದೆ ಬಿಚ್ಚಿ. ಗಾಳಿಯಾಡುವ ಕಡೆ, ಒಲೆಯಿಂದ ದೂರ ಇಡಿ, ಡಬ್ಬಿಯಲ್ಲಿ ಮುಚ್ಚಬೇಡಿ, ಕಸದ ಜೊತೆ ಸುಡಬೇಡಿ.

ಮರಕ್ಕೆ ನೇರ ಅಂಟಿಸಿದ ಸೆಲ್ಯುಲಾಯ್ಡ್ ಕುಗ್ಗುತ್ತಾ ಮರವನ್ನೂ ಎಳೆಯುತ್ತೆ. ಅಮೆರಿಕದ ಮಾರ್ಟಿನ್ ಕಂಪನಿಯ ಹಳೇ ಗಿಟಾರ್‌ಗಳಲ್ಲಿ ಗಾರ್ಡಿನ ಅಂಚಿಗೇ ಬಿರುಕು ಕಾಣೋದು ಈ ಕಾರಣಕ್ಕೆ. ಒಣ ಹವೆಯ ನಮ್ಮ ಜಿಲ್ಲೆಗಳಲ್ಲಿ ಮರವೂ ಕುಗ್ಗುತ್ತೆ, ಎರಡೂ ಎಳೆದಾಡುತ್ತವೆ.

ಎಡಗೈಯವನು ನಾನು. ಬಲಗೈ ಮ್ಯಾಂಡೊಲಿನ್ ತಿರುಗಿಸಿ ನುಡಿಸ್ತೀನಿ. ಗಾರ್ಡ್?

ತಂತಿಯ ಆ ಕಡೆಗೆ ಹೋಗಿ ಕೂತಿರುವ ಗಾರ್ಡ್ ನಿಮಗೆ ಪ್ರಯೋಜನ ಇಲ್ಲ, ಬಿಚ್ಚಿಡಿ. ಹೊಸದನ್ನು ಲಗ್ನಪತ್ರಿಕೆ ಮಗುಚಿ ಹಾಕಿ ಅಳತೆ ಮಾಡಿ. ಕೊಕ್ಕೆ ಎದುರು ಅಂಚಿಗೆ ಬರುತ್ತೆ, ಸ್ಕ್ರೂ ಇಲ್ಲದೆ ಒತ್ತಿ ಹಿಡಿಯುವ ಕೊಕ್ಕೆ ಸಿಕ್ಕರೆ ಮರಕ್ಕೆ ತೂತು ಬೇಡ.

ಮುಂದೆ ಮಾರೋ ಯೋಚನೆ ಇದೆ. ಗಾರ್ಡ್ ಇಲ್ಲ ಅಂದ್ರೆ ರೇಟು ಕಮ್ಮಿ ಆಗುತ್ತಾ?

ಸಾಮಾನ್ಯ ವಾದ್ಯಕ್ಕೆ ಏನೂ ಆಗಲ್ಲ. ಹಳೆಯ, ಹೆಸರಾಂತ ಕಂಪನಿಯ ವಾದ್ಯಕ್ಕೆ ಆಗುತ್ತೆ. ಕೊಳ್ಳುವವರು ಮೂಲ ಗಾರ್ಡ್, ಕೊಕ್ಕೆ, ಸ್ಕ್ರೂ ಎಲ್ಲಾ ಕೇಳುತ್ತಾರೆ. ಬಿಚ್ಚಿದ್ದನ್ನು ಒಂದು ಕಾಗದದ ಕವರಿಗೆ ಹಾಕಿ, ಮೇಲೆ ತಾರೀಕು ಬರೆದು, ಎಲ್ಲಿಟ್ಟಿದ್ದೀರಿ ಅಂತ ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ. ನಮ್ಮ ಮನೆಯಲ್ಲಿ ಅಂಥ ಕವರೊಂದು ದೀಪಾವಳಿ ಕ್ಲೀನಿಂಗಿನಲ್ಲಿ ಹಳೇ ಲಗ್ನಪತ್ರಿಕೆಗಳ ಜೊತೆ ರದ್ದಿಗೆ ಹೋಯ್ತು. ಆ ಮ್ಯಾಂಡೊಲಿನ್ ಇನ್ನೂ ನನ್ನ ಹತ್ತಿರವೇ ಇದೆ.